ಕೊಟ್ಟೂರಿಗೆ ಕಾಫಿ ಬಂದ ಬಗೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಕಡೆ ನೌಕರಿಯಲ್ಲಿದ್ದಾನೆ. ಬರುವಾಗಲೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಸಿ ಕಾಫಿ ಬೀಜ ತಂದುಕೊಡುವುದು ಅವನ ರೂಢಿ. ಹುರಿಯುವುದು, ಪುಡಿ ಮಾಡುವುದು, ಡಿಕಾಕ್ಷನ್ ಇಳಿಸುವುದು ಎಲ್ಲವೂ ನಿವೃತ್ತಿಯ ನಂತರ ನನ್ನ ಪಾಲಿನ ಕೆಲಸ. ಅಂದು ಕಾಫಿ ಕುಡಿಯುತ್ತ ಅವನು ಕೇಳಿದ: "ಸಾರ್, ನಮ್ಮೂರಾಗ ಒಂದು ಕಾಫಿ ಗಿಡ ಇಲ್ಲ. ಜೋಳ, ಶೇಂಗಾ ಬಿಟ್ರೆ ಬೇರೆ ಗೊತ್ತಿಲ್ಲ. ಮತ್ತ ನಮ್ಮ ಜನಕ್ಕ ಈ ಚಟ ಯಾವಾಗ ಹತ್ತಿತು?"

ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಪಾಠ ಮಾಡಿದವನಿಗೆ ಇಂಥ ಪ್ರಶ್ನೆ ಕೇಳಬಾರದು. ಕೇಳಿದರೆ ಇಷ್ಟುದ್ದದ ಉತ್ತರ ಬರುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರಿಗೂ ಗೊತ್ತಿರುವ ಕಥೆ. ಕಾಫಿಯ ತವರು ಇಥಿಯೋಪಿಯಾ. ಅದನ್ನು ಕುದಿಸಿ ಕುಡಿಯುವ ಪಾನೀಯವನ್ನಾಗಿ ರೂಢಿಗೆ ತಂದವರು ಕೆಂಪು ಸಮುದ್ರದ ಆಚೆಯ ಯೆಮೆನ್ನಿನ ಸೂಫಿಗಳು. ರಾತ್ರಿಯ ಧ್ಯಾನದಲ್ಲಿ ನಿದ್ದೆ ಬಾರದಿರಲೆಂದು ಅವರು ಕುಡಿಯುತ್ತಿದ್ದರು. 1511ರಲ್ಲಿ ಮೆಕ್ಕಾದಲ್ಲಿ ಅದನ್ನು ನಿಷೇಧಿಸಿದರು, ನಿಷೇಧ ನಿಲ್ಲಲಿಲ್ಲ. 1675ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್, ಜನ ಕಾಫಿ ಮನೆಗಳಲ್ಲಿ ಕುಳಿತು ತನ್ನ ಆಡಳಿತವನ್ನು ಆಡಿಕೊಳ್ಳುತ್ತಾರೆಂದು ಅವುಗಳನ್ನು ಮುಚ್ಚಲು ಆಜ್ಞೆ ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದ. ಕಾಫಿಯೊಡನೆ ಜಗಳಕ್ಕಿಳಿದ ಅರಸರು ಗೆದ್ದದ್ದು ಕಡಿಮೆ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಹಜ್ ಯಾತ್ರೆಯಿಂದ ಮರಳುವಾಗ ಯೆಮೆನ್ನಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಐತಿಹ್ಯ. ಐತಿಹ್ಯಕ್ಕೂ ಇತಿಹಾಸಕ್ಕೂ ವ್ಯತ್ಯಾಸವೇನೆಂದು ಎಂಟನೆಯ ತರಗತಿಯ ಮೊದಲ ಪಾಠದಲ್ಲೇ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಏಳು ಎಂಬ ಸಂಖ್ಯೆಗೆ ದಾಖಲೆಯಿಲ್ಲ. ಆದರೆ ಕಥೆಯನ್ನು ತಳ್ಳಿಹಾಕಲೂ ಆಗದು. ಕಾಫಿ ಬೀಜದ ಮೊಳೆಯುವ ಶಕ್ತಿ ಕೆಲವು ತಿಂಗಳುಗಳಲ್ಲಿ ಕುಂದಿಹೋಗುತ್ತದೆ; ಆದ್ದರಿಂದ ಯಾರೇ ತಂದಿರಲಿ, ತಾಜಾ ಬೀಜವನ್ನು ಜೋಪಾನವಾಗಿ, ತಡಮಾಡದೆ ತಂದಿರಲೇಬೇಕು. ಡಚ್ಚರು 1696ರಲ್ಲಿ ಮತ್ತು 1699ರಲ್ಲಿ ಮಲಬಾರಿನಿಂದ ಜಾವಾ ದ್ವೀಪಕ್ಕೆ ಕಾಫಿ ಸಸಿಗಳನ್ನು ಒಯ್ದದ್ದಕ್ಕೆ ದಾಖಲೆಯಿದೆ. ಅಂದರೆ ಅಷ್ಟರಲ್ಲಿ ನಮ್ಮ ಕರಾವಳಿ ಘಟ್ಟದ ಸೀಮೆಯಲ್ಲಿ ಕಾಫಿ ಬೇರೂರಿತ್ತು. ಜಾವಾದಿಂದ ಅದು 1706ರಲ್ಲಿ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ, ಅಲ್ಲಿಂದ ಫ್ರಾನ್ಸಿನ ದೊರೆಗೆ ಕಾಣಿಕೆಯಾಗಿ, ಮುಂದೆ ಅಮೆರಿಕ ಖಂಡಗಳಿಗೆ ಹೋಯಿತು. ಅಲ್ಲಿಯ ಕಾಫಿ ಗಿಡಗಳ ವಂಶಾವಳಿ ಬಿಡಿಸುತ್ತ ಹೋದರೆ ಒಂದು ಕವಲು ಮಲಬಾರಿನ ಮೇಲೆಯೇ ಹಾಯುತ್ತದೆ.

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಂದೆಯವರ ಸಹೋದ್ಯೋಗಿಯಾಗಿದ್ದ ಒಬ್ಬ ಮೇಷ್ಟ್ರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ತೋಟಗಾರಿಕೆಯ ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. 1830ರ ಸುಮಾರಿಗೆ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ಕ್ಯಾನನ್ ಎಂಬ ಆಂಗ್ಲರು ತೋಟ ಹಾಕಿದರು. ಬಳಿಕ ಮಂಜರಾಬಾದ್, ಕೊಡಗುಗಳಲ್ಲಿ ತೋಟಗಳು ಹಬ್ಬಿದವು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿಯ ಕಾಫಿಯನ್ನು ನುಂಗಿ, ಆ ದ್ವೀಪವನ್ನು ಚಹಾದ ನಾಡನ್ನಾಗಿ ಮಾಡಿತು. ನಮ್ಮಲ್ಲೂ ರೋಗ ಬಂತು, ಆದರೆ ಕಾಫಿ ಉಳಿಯಿತು. ಮೈಸೂರು ಸಂಸ್ಥಾನವು 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ತೆರೆಯಿತು. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ.

ಈಗ ನಮ್ಮೂರು.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು. ನಮ್ಮ ಹಡಗಲಿಯಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಮುಂಬಯಿ ಪ್ರಾಂತ್ಯ, ಹೊಸಪೇಟೆಯ ಆಚೆ ಕೊಪ್ಪಳದ ಕಡೆ ನಿಜಾಮನ ರಾಜ್ಯ, ದಕ್ಷಿಣಕ್ಕೆ ಜಗಳೂರು, ದಾವಣಗೆರೆಗಳಿಂದ ಮೈಸೂರು ಸಂಸ್ಥಾನ. ಒಂದೇ ಭಾಷೆ, ನಾಲ್ಕು ಆಳ್ವಿಕೆ. ಬಿಸಿ ಪಾನೀಯದ ಗಡಿಯೂ ಹೆಚ್ಚು ಕಡಿಮೆ ಹೀಗೆಯೇ ಇತ್ತು ಎಂಬುದು ನನ್ನ ಎಣಿಕೆ. ನದಿಯಾಚೆ ಮುಂಡರಗಿ, ಗದಗಿನ ನಂಟರ ಮನೆಗೆ ಹೋದರೆ ಕಪ್ಪು ಬಸಿಯಲ್ಲಿ ಚಹಾ. ದಕ್ಷಿಣದ ನಂಟರಲ್ಲಿ ಲೋಟದಲ್ಲಿ ಕಾಫಿ. ಕೊಟ್ಟೂರಿನವರು ಎರಡಕ್ಕೂ ಒಲ್ಲೆ ಎನ್ನದವರು.

ಆದರೆ ನಮ್ಮ ಅಜ್ಜನ ಬಾಲ್ಯದಲ್ಲಿ ಎರಡೂ ಇರಲಿಲ್ಲ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮಜ್ಜಿಗೆ. ತಮಿಳು ಸೀಮೆಯಲ್ಲಿ ಕಾಫಿ ಕಾಲಿಟ್ಟಾಗ, ಹಳೆಯ ಗಂಜಿ ನೀರನ್ನು ಬಿಟ್ಟು ಈ ಪರದೇಶದ ಕಷಾಯಕ್ಕೆ ಜನ ಮರುಳಾದರೆಂದು ಹಿರಿಯರು ಗೋಳಾಡಿದ ಬಗೆಯನ್ನು ಎ.ಆರ್. ವೆಂಕಟಾಚಲಪತಿ ಎಂಬ ಇತಿಹಾಸಕಾರರು 2006ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಸೊಗಸಾಗಿ ಬರೆದಿದ್ದಾರೆ. ಅಂಥದೇ ಗೋಳು ನಮ್ಮ ಮನೆಯಲ್ಲೂ ಕೇಳಿಬಂದಿತ್ತಂತೆ. ಕಾಫಿ ಕುಡಿದರೆ ಪಿತ್ತ ಕೆರಳುತ್ತದೆ, ಹೊಲದ ಕೆಲಸಕ್ಕೆ ಮೈ ಬಗ್ಗುವುದಿಲ್ಲ ಎಂದು ಮುತ್ತಜ್ಜಿಯ ವಾದ.

ಆ ಕಾಫಿಯನ್ನು ಮನೆಗೆ ತಂದವರು ಅಜ್ಜನೇ. ವೀರಶೈವ ಪಂಚಪೀಠಗಳಲ್ಲಿ ಒಂದು ನಮಗೆ ಹತ್ತಿರದ ಉಜ್ಜಿನಿಯಲ್ಲಿದೆ, ಇನ್ನೊಂದು ಮಲೆನಾಡಿನ ಬಾಳೆಹೊನ್ನೂರಿನಲ್ಲಿ. 1930ರ ದಶಕದಲ್ಲಿ ಅಜ್ಜ ರಂಭಾಪುರಿ ಪೀಠದ ದರ್ಶನಕ್ಕೆಂದು ಹರಿಹರದಲ್ಲಿ ರೈಲು ಹತ್ತಿ ಕಡೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಏರಿದರಂತೆ. ಮರಳುವಾಗ ವಿಭೂತಿ, ಪ್ರಸಾದದ ಜೊತೆ ಪಂಚೆಯ ಗಂಟಿನಲ್ಲಿ ಎರಡು ಸೇರು ಕಾಫಿ ಬೀಜ. ಅವುಗಳನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಅಜ್ಜಿ ಹುರುಳಿ ಕಾಳಿನಂತೆ ನೀರಲ್ಲಿ ನೆನೆಹಾಕಿ ಬೇಯಿಸಿದರಂತೆ! ಎಷ್ಟು ಬೇಯಿಸಿದರೂ ಮೆತ್ತಗಾಗಲಿಲ್ಲ. ಆಮೇಲೆ ದಕ್ಷಿಣದಿಂದ ವರ್ಗವಾಗಿ ಬಂದಿದ್ದ ಒಬ್ಬ ಗುಮಾಸ್ತರ ಮಡದಿ ಬಂದು, ಉಳಿದರ್ಧವನ್ನು ಬಾಣಲೆಯಲ್ಲಿ ಹುರಿದು, ಬೀಸುವ ಕಲ್ಲಿನಲ್ಲಿ ಒಡೆದು, ಬೆಲ್ಲದ ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟರು. ನಮ್ಮ ಮನೆತನದ ಕಾಫಿಯ ಇತಿಹಾಸ ಅಲ್ಲಿಂದ ಶುರು.

ಅಂಥ ಗಂಟು ತರುವ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು ಸರ್ಕಾರ ಮುಂದಾಯಿತು. 1942ರ ಕಾಫಿ ಕಾಯಿದೆಯಂತೆ, ಬೆಳೆಗಾರ ಮನೆಬಳಕೆಗೆ ಸ್ವಲ್ಪ ಇಟ್ಟುಕೊಂಡು ಉಳಿದ ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಯಿತು. ಈ 'ಪೂಲ್' ಪದ್ಧತಿ ಅರ್ಧ ಶತಮಾನ ನಡೆದು, 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಕೊನೆಗೊಂಡಿತು. ನನ್ನ ಶಿಷ್ಯ ಇಂದು ರಾಜಾರೋಷವಾಗಿ ಚೀಲ ಹಿಡಿದು ಬಸ್ಸು ಹತ್ತುವುದು ಈ ಬದಲಾವಣೆಯ ಫಲ. ಕಾಫಿಯ ಪ್ರಚಾರಕ್ಕೆಂದು 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕಾಫಿ ಹೌಸುಗಳೂ ಮುಂದೆ ಮಂಡಳಿಯ ಕೈಗೆ ಬಂದವು; ಮಂಡಳಿ ಅವನ್ನು ಮುಚ್ಚಹೊರಟಾಗ ಕಾರ್ಮಿಕರೇ ಸಹಕಾರ ಸಂಘ ಕಟ್ಟಿ ನಡೆಸತೊಡಗಿದರು. ಬೆಂಗಳೂರಿನ ಸಂಘ 1957ರದು. ಮೌಲ್ಯಮಾಪನಕ್ಕೆ ಹೋದಾಗಲೆಲ್ಲ ನಾವು ಮೇಷ್ಟ್ರುಗಳು ಮಹಾತ್ಮ ಗಾಂಧಿ ರಸ್ತೆಯ ಆ ಹಳೆಯ ಕಾಫಿ ಹೌಸಿನಲ್ಲಿ ಕುಳಿತು ಹರಟಿದ್ದುಂಟು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು.

1975ರ ಜುಲೈಯಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಬಿದ್ದು ಗಿಡಗಳು ಸುಟ್ಟು ಕರಕಾದವು. ಜಗತ್ತಿನ ಬೆಲೆ ಮುಗಿಲಿಗೇರಿತು. ಆಗ ನಾನು ಕಾಲೇಜು ಹುಡುಗ. ಪುಡಿಯ ಪೊಟ್ಟಣ ಚಿಕ್ಕದಾಗುತ್ತ, ಅದರಲ್ಲಿ ಚಿಕೋರಿಯ ಪಾಲು ದೊಡ್ಡದಾಗುತ್ತ ಹೋಯಿತು. ಅವ್ವ ಹುರಿದ ಕಡಲೆಯನ್ನೂ ಬೆರೆಸಿ ಪುಡಿ ಮಾಡಿ ನೋಡಿದಳು. ಮಲಬಾರಿನಿಂದ ಹೋದ ಸಸಿಯ ಸಂತತಿಗೆ ಬ್ರೆಜಿಲ್‌ನಲ್ಲಿ ಚಳಿಯಾದರೆ ಕೊಟ್ಟೂರಿನಲ್ಲಿ ಕಡಲೆ ಹುರಿಯಬೇಕಾಯಿತು! ವಿಶ್ವ ವಾಣಿಜ್ಯದ ಪಾಠ ಮಾಡುವಾಗ ಈ ಉದಾಹರಣೆಯನ್ನು ನಾನು ಕೊಡುತ್ತಿದ್ದೆ. ಚಿಕೋರಿ ಎಂದರೆ ಒಂದು ಗಿಡದ ಹುರಿದ ಬೇರು. ನೆಪೋಲಿಯನ್ನನ ದಿಗ್ಬಂಧನದ ಕಾಲದಲ್ಲಿ ಕಾಫಿ ಸಿಗದ ಯುರೋಪಿಯನ್ನರು ಅದನ್ನು ನೆಚ್ಚಿಕೊಂಡರು. ನಮ್ಮ ಕಾನೂನಿನಂತೆ ಬೆರಕೆ ಪುಡಿಯಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆಯಿರಬಾರದು. ಪರೀಕ್ಷೆ ಸುಲಭ: ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಮುಳುಗುತ್ತದೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿ, ವಿಜ್ಞಾನದ ಮೇಷ್ಟ್ರ ಕೆಲಸ ಕಸಿದುಕೊಂಡೆನೆಂಬ ಆಪಾದನೆಗೂ ಗುರಿಯಾಗಿದ್ದೇನೆ.

ಹುರಿಯುವ ವಿಧಾನವನ್ನು ಹಲವರು ಕೇಳಿದ್ದೀರಿ, ಅದನ್ನಿಷ್ಟು ಹೇಳಿಬಿಡುತ್ತೇನೆ.

ಬೀಜ ಆರಿಸುವಾಗ ಎರಡು ಜಾತಿ ನೆನಪಿಡಿ. ಅರೇಬಿಕಾ ಉದ್ದುದ್ದ, ಪರಿಮಳ ಹೆಚ್ಚು. ರೋಬಸ್ಟಾ ದುಂಡಗೆ, ಕಹಿ ಹೆಚ್ಚು, ನೊರೆಯೂ ಹೆಚ್ಚು, ಕೆಫೀನು ಸುಮಾರು ಎರಡರಷ್ಟು. ಹಣ್ಣನ್ನು ಸುಲಿದು ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಎಂದೂ, ಹಣ್ಣಿನೊಡನೆಯೇ ಒಣಗಿಸಿದ್ದಕ್ಕೆ ಚೆರ್ರಿ ಎಂದೂ ಹೆಸರು. ಕೆಲವು ಹಣ್ಣುಗಳಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ಬಟಾಣಿಯಂತೆ ದುಂಡಗಾಗುತ್ತದೆ, ಅದೇ ಪೀಬೆರಿ. ಉರುಳಿ ಉರುಳಿ ಸಮನಾಗಿ ಹುರಿಯುವುದರಿಂದ ಮನೆಯ ಬಾಣಲೆಗೆ ಅದೇ ಲೇಸು. ನಾನು ಮೂರು ಪಾಲು ಪೀಬೆರಿಗೆ ಒಂದು ಪಾಲು ರೋಬಸ್ಟಾ ಹಾಕುತ್ತೇನೆ. ಮೊರದಲ್ಲಿ ಹರವಿ ಕಪ್ಪು ಬೀಜ, ಒಡಕು, ಹುಳು ಕೊರೆದ ತೂತಿನ ಬೀಜಗಳನ್ನು ಆರಿಸಿ ತೆಗೆಯಬೇಕು. ಮುಗ್ಗಲು ವಾಸನೆ ಬಂದರೆ ಆ ಚೀಲವನ್ನೇ ಬಿಡಿ. ಒಂದು ಕೆಟ್ಟ ಬೀಜ ಇಡೀ ಲೋಟಕ್ಕೆ ಸಾಕು.

ದಪ್ಪ ತಳದ ಕಬ್ಬಿಣದ ಬಾಣಲೆ, ಮಧ್ಯಮ ಉರಿ, ಒಮ್ಮೆಗೆ ಕಾಲು ಕಿಲೋ ಸಾಕು. ಕೈ ನಿಲ್ಲಿಸದೆ ತಿರುವಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಬೀಜ ಹಳದಿಗೆ ತಿರುಗಿದಾಗ ಜೋಳದ ರೊಟ್ಟಿ ಬೆಂದ ವಾಸನೆ. ಆಮೇಲೆ ಕಂದು. ಹತ್ತು ಹನ್ನೆರಡು ನಿಮಿಷಕ್ಕೆ, ಬೀಜದ ಒಳಗಿನ ಬಿಸಿ ಇನ್ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ, ಚಟಪಟ ಸದ್ದು ಶುರುವಾಗುತ್ತದೆ. ನಮ್ಮೂರ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಈ ಸದ್ದನ್ನು ವಿವರಿಸಬೇಕಾಗಿಲ್ಲ. ತತ್ತ್ವವೂ ಅದೇ: ಒಳಗಿನ ತೇವ ಆವಿಯಾಗಿ ಕಾಳನ್ನು ಒಡೆದು ಹೊರಬರುವುದು. ಹೊಟ್ಟು ಹಾರುತ್ತದೆ, ಹೊಗೆ ಏಳುತ್ತದೆ, ಒಳಗಿನಿಂದ ನನ್ನ ಶ್ರೀಮತಿಯ ಧ್ವನಿಯೂ ಏಳುತ್ತದೆ. ಸದ್ದು ನಿಂತು ಒಂದೆರಡು ನಿಮಿಷಕ್ಕೆ ಇಳಿಸಿದರೆ ನಮ್ಮ ರುಚಿಗೆ ಸರಿ. ಇನ್ನೂ ಬಿಟ್ಟರೆ ಎರಡನೆಯ ಸಣ್ಣ ಸಿಡಿತ ಕೇಳಿಸಿ, ಮೈಮೇಲೆ ಎಣ್ಣೆ ಮಿನುಗುತ್ತದೆ, ಅದರಾಚೆ ಇದ್ದಿಲು. ನನ್ನ ಮೊದಲ ಮೂರು ಬಾಣಲೆ ಇದ್ದಿಲೇ ಆದವೆಂದು ಒಪ್ಪಿಕೊಳ್ಳುತ್ತೇನೆ. ಇಳಿಸಿದ ಕೂಡಲೇ ಮೊರಕ್ಕೆ ಸುರಿದು ಕೇರಿ ಆರಿಸಬೇಕು, ಇಲ್ಲವಾದರೆ ತನ್ನ ಬಿಸಿಯಲ್ಲೇ ಬೀಜ ಬೇಯುತ್ತ ಹೋಗುತ್ತದೆ. ಕಾಲು ಕಿಲೋ ಹಾಕಿದ್ದು 210 ಗ್ರಾಂ ಆಸುಪಾಸು ಉಳಿದೀತು. ಒಂದು ದಿನ ಬಿಟ್ಟು ಪುಡಿ ಮಾಡಿ.

ಫಿಲ್ಟರಿನಲ್ಲಿ ಪುಡಿಯನ್ನು ಹದವಾಗಿ ಒತ್ತಿ, ಕುದಿ ಬಂದು ಇಳಿಸಿದ ನೀರನ್ನು ಸುತ್ತಲೂ ಹೊಯ್ದು ಕಾಲು ಗಂಟೆ ಮುಟ್ಟದೆ ಬಿಡಿ. ಮೇಲೆ ತಟ್ಟಿ ಅವಸರಿಸಿದರೆ ಡಿಕಾಕ್ಷನ್ ತೆಳ್ಳಗೆ. ಹಾಲು ಬೇರೆ ಕಾಯಿಸಿ. ಇಷ್ಟೇ.

ಈಗ ಬಾಕಿಯಿಟ್ಟ ಆ ಮೇಷ್ಟ್ರ ವಿಷಯ.

1960ರ ದಶಕದ ನಡುವೆ, ನಾನು ಏಳೆಂಟು ವರ್ಷದವನಿದ್ದಾಗ, ಅವರು ಭಾನುವಾರ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪನೂ ಅವರೂ ಒಂದೇ ಶಾಲೆಯ ಶಿಕ್ಷಕರು. ಹಾಜರಿ ಪಟ್ಟಿ, ಜನಗಣತಿ, ಚುನಾವಣೆಯ ಕೆಲಸ ಎಂದು ಇಬ್ಬರೂ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದರು. ಅವರದು ಊರ ಹೊರಗಿನ ಕೇರಿ. ಅವರು ಜಗಲಿ ದಾಟಿ ಒಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಜಗಲಿಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ಲೋಟ ಬೋರಲಾಗಿ ಇರುತ್ತಿತ್ತು. ಬೇರೆ ಲೋಟಗಳೊಡನೆ ಬೆರೆಯದಿರಲೆಂದು ಅದರ ಅಂಚಿಗೆ ಅರದಿಂದ ಒಂದು ಗೀರು ಹಾಕಿತ್ತು. ಅವ್ವ ಬೆಲ್ಲದ ಕಾಫಿಯನ್ನು ತಂಬಿಗೆಯಲ್ಲಿ ಕೊಡುತ್ತಿದ್ದಳು. ಮೇಷ್ಟ್ರು ಲೋಟ ಹಿಡಿಯುತ್ತಿದ್ದರು, ನಾನು ಮೇಲಿನಿಂದ ಹೊಯ್ಯಬೇಕು, ತಾಗಿಸಬಾರದು. ಕುಡಿದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಆ ಲೋಟ ಹಿಡಿದೇ ಅವರು ನನಗೆ ಇಥಿಯೋಪಿಯಾ, ಯೆಮೆನ್, ಬಾಬಾ ಬುಡನ್ನರ ಕಥೆ ಹೇಳಿದ್ದು.

ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆದಿತ್ತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತ್ತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂತು. ನಾವು ಬಿಟ್ಟುಬಂದ ಮದರಾಸಿನಲ್ಲಿ 1957ರಲ್ಲಿ ಪೆರಿಯಾರರು ಹೋಟೆಲಿನ ಫಲಕದ ಮೇಲಿನ ಜಾತಿಯ ಹೆಸರನ್ನು ಅಳಿಸಲು ಚಳವಳಿ ಹೂಡಿದ್ದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಹೊರಗೆ ಕಟ್ಟೆಯ ಮೇಲೆ ಬೇರೆ ಗ್ಲಾಸು ಇಡುವುದನ್ನು ನಾನೇ ಕಂಡಿದ್ದೇನೆ. ಇವೆಲ್ಲವನ್ನೂ ಮುಂದೆ ನಾನು ಪಾಠ ಮಾಡಿದೆ, ಪ್ರಶ್ನೆಪತ್ರಿಕೆಯಲ್ಲಿ ಐದಂಕದ ಪ್ರಶ್ನೆಯಾಗಿ ಕೇಳಿದೆ. ಆದರೆ ದಿನವೂ ಬಸವಣ್ಣನವರ ವಚನ ಹೇಳುತ್ತಿದ್ದ ನಮ್ಮ ಮನೆಯ ಗೂಡಿನ ಲೋಟದ ಬಗ್ಗೆ ಅಪ್ಪನನ್ನು ಒಮ್ಮೆಯೂ ಕೇಳಲಿಲ್ಲ. ಅಪ್ಪ ಕೆಟ್ಟವರಲ್ಲ. ಆ ಮೇಷ್ಟ್ರ ಬಡ್ತಿಗಾಗಿ ಮೇಲಧಿಕಾರಿಗಳೊಡನೆ ಜಗಳಾಡಿದವರು. ಆದರೂ ಲೋಟ ಗೂಡಿನಲ್ಲೇ ಇತ್ತು. ಈ ಎರಡನ್ನೂ ಒಟ್ಟಿಗಿಟ್ಟು ನೋಡುವುದು ಇಂದಿಗೂ ನನಗೆ ಕಷ್ಟ.

ನಾನು ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಮೇಲೆ ಅವರನ್ನು ಮನೆಗೆ ಕರೆದೆ. ಅಪ್ಪ ಆಗ ಇರಲಿಲ್ಲ. ಒಳಗೆ ಕೂರಿಸಿ, ಎಲ್ಲರಂತೆ ಸ್ಟೀಲಿನ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟೆವು. ಕುಡಿದು ಮುಗಿಸಿದವರೇ ಎದ್ದು, ಲೋಟ ಹಿಡಿದು ಹಿತ್ತಲ ನಲ್ಲಿಯ ಕಡೆ ಹೊರಟರು. ನನಗೆ ಮಾತೇ ಹೊರಡಲಿಲ್ಲ. ಅವ್ವ ಅಡುಗೆಮನೆಯಿಂದ ಬಂದು, "ಕೊಡ್ರಿ ಮೇಷ್ಟ್ರೇ ಇಲ್ಲಿ" ಎಂದು ಅವರ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದಳು. ಮೇಷ್ಟ್ರು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಬಂದು ಕುಳಿತು, ನನ್ನ ಶಾಲೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದರು.

ಗೀರಿನ ಹಿತ್ತಾಳೆ ಲೋಟ ಈಗಲೂ ನಮ್ಮಲ್ಲಿದೆ. ಹಸಿ ಬೀಜ ಅಳೆಯುವುದು ಅದರಲ್ಲೇ. ಅಂಚಿನ ಗೀರು ಯಾತಕ್ಕೆಂದು ಮೊಮ್ಮಗಳು ಕೇಳಿದಳು, ಹೇಳಿದೆ.

ಆ ಮೇಷ್ಟ್ರ ಮಗಳು ನನ್ನ ವಿದ್ಯಾರ್ಥಿನಿ, ಈಗ ತಾನೂ ಶಿಕ್ಷಕಿ. ನನ್ನ ಬರಹಗಳನ್ನು ಓದುವವಳು. ಇದನ್ನು ಹಾಕುವ ಮೊದಲು ಫೋನಿನಲ್ಲಿ ಪೂರ್ತಿ ಓದಿ ಹೇಳಿ, ಬೇಡವೆಂದರೆ ಬಿಡುತ್ತೇನೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಕ್ರಿ ಸಾರ್. ಆದ್ರ ಒಂದು ಸೇರಿಸ್ರಿ. ನಮ್ಮಪ್ಪಗ ಬೆಲ್ಲದ ಕಾಫಿ ಸೇರ್ತಿರ್ಲಿಲ್ಲ. ಮನಿಗೆ ಬಂದು ಸಕ್ರಿ ಹಾಕಿಸ್ಕೊಂಡು ಇನ್ನೊಂದು ಲೋಟ ಕುಡೀತಿದ್ರು" ಎಂದಳು.

ಸೇರಿಸಿದ್ದೇನೆ.